ಅಕ್ಕನ ಹೊಲಿಗೆ ಅಂಗಡಿ

ಪುಸ್ತಕ ಯಾಕೆ ಖರ್ಚಾಗುತ್ತಿಲ್ಲ ಎಂಬುದನ್ನು ಪ್ರೆಸ್ಸಿನವನು ಎರಡೇ ಮಾತಿನಲ್ಲಿ ಹೇಳಿದ.

"ಅಂಗಡಿಯವರು ಅದನ್ನ ಕಸೂತಿ ಪುಸ್ತಕಗಳ ಜೊತೆ ಜೋಡಿಸಿದಾರೆ ಸರ್. ಒಬ್ಬರು ತಗೊಂಡು ಹೋಗಿ ವಾಪಸ್ ತಂದ್ರಂತೆ, ಇದರಲ್ಲಿ ಅಳತೆನೇ ಕೊಟ್ಟಿಲ್ಲ ಅಂತ."

ಲೇಖಕನಿಗೆ ನಗು ಬರಲಿಲ್ಲ. ಪತ್ರಿಕೆಯ ಸುದ್ದಿಮೇಜಿನಲ್ಲಿ ಬೇರೆಯವರ ಬರಹಕ್ಕೆ ಶೀರ್ಷಿಕೆ ಕೊಡುತ್ತಲೇ ನಿವೃತ್ತನಾದವನು ಅವನು. ತನ್ನನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡ ಮೇಲೆ ಅವಳ ಬಗ್ಗೆ ಬರೆದು, ತಾನೇ ಅಚ್ಚು ಹಾಕಿಸಿದ್ದ. 'ಅಕ್ಕನ ಹೊಲಿಗೆ ಅಂಗಡಿ' ಎಂದು ಹೆಸರಿಟ್ಟಿದ್ದ. ಒಳಗಿದ್ದದ್ದೂ ಅಷ್ಟೇ: ಶಾಲೆ ಶುರುವಾಗುವ ಮುಂಚಿನ ಸಮವಸ್ತ್ರಗಳ ರಾಶಿ, ಬಿಸ್ಕತ್ತಿನ ಡಬ್ಬದಲ್ಲಿ ಗುಂಡಿಗಳು, ಮಕ್ಕಳು ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಅಕ್ಕ ಅಂಚಿನಲ್ಲಿ ಮಡಿಸಿ ಬಿಡುತ್ತಿದ್ದ ಬಟ್ಟೆ. ಇಂಥ ಒಬ್ಬಳು ಇದ್ದಳು ಎಂದು ಮನೆಯ ಹೊರಗಿನವರಿಗೂ ತಿಳಿಯಲಿ ಎಂಬುದೊಂದೇ ಅವನ ಆಸೆ. ಪುಸ್ತಕದ ಕಟ್ಟುಗಳು ಮಂಚದ ಕೆಳಗೇ ಉಳಿದಿದ್ದವು.

"ಹೆಸರು ಬದಲಾಯಿಸಿಬಿಡಿ" ಎಂದ ಪ್ರೆಸ್ಸಿನವನು. "ಹೊದಿಕೆ ಕಿತ್ತು ಬೇರೆ ಹಾಕೋಣ, ಮೊದಲ ಹಾಳೆ ಹೊಸದಾಗಿ ಅಂಟಿಸೋಣ. ಒಳಗೆ ಮುಟ್ಟೋದೇ ಬೇಡ. ಓದೋರಿಗೆ ಏನೋ ಒಂದು ಎಳೀಬೇಕು ಸರ್. ನಿಮಗೆ ನಾನು ಹೇಳ್ಕೊಡಬೇಕಾ?"

ಕೊನೆಯ ಅಧ್ಯಾಯದಲ್ಲಿ ಆಸ್ಪತ್ರೆಯ ಒಂದು ಪ್ಯಾರಾ ಇತ್ತು. ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದ್ದಾಗ ಅಕ್ಕ ತುಟಿ ಆಡಿಸಿದಳು, ಅವನಿಗೆ ತಿಳಿಯಲಿಲ್ಲ. ನೀರು ಕೇಳಿರಬೇಕು. ಆ ಪ್ಯಾರಾದಿಂದ ಹೊಸ ಹೆಸರು ಹುಟ್ಟಿತು: 'ಅಕ್ಕ ಹೇಳದೆ ಹೋದದ್ದು'. ಕಚೇರಿಯಲ್ಲಿ ಮಾಡುತ್ತಿದ್ದಂತೆ ಪದ ಪದವಾಗಿ ಪರೀಕ್ಷಿಸಿದ. ಒಂದೂ ಸುಳ್ಳಲ್ಲ. ಸುದ್ದಿಯಲ್ಲಿ ಇಲ್ಲದ್ದನ್ನು ಶೀರ್ಷಿಕೆ ಇದೆ ಎನ್ನಬಾರದು ಎಂದು ಹೊಸಬರ ಕಿವಿ ಹಿಂಡಿದವನು ತಾನೇ ಎಂಬುದೂ ನೆನಪಾಯಿತು. ಇದು ಸುದ್ದಿಯಲ್ಲವಲ್ಲ ಎಂದುಕೊಂಡ. ಹಳೆಯ ಹೆಸರನ್ನು ಒಳಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿಸಿದ.

ಮಂಚದ ಕೆಳಗೆ ಜಾಗವಾಯಿತು. ಗುರುತಿಲ್ಲದವರು ಫೋನ್ ಮಾಡಿದರು. ಅಕ್ಕ ಹೊಲಿದ ಚಡ್ಡಿ ಹಾಕಿ ಶಾಲೆಗೆ ಹೋಗಿದ್ದೆ ಎಂದು ಒಬ್ಬರು ಅತ್ತರು. ಆ ಸಂತೋಷ ನಿಜವಾದದ್ದೇ, ಆದರೆ ಹೆಚ್ಚು ದಿನ ಉಳಿಯಲಿಲ್ಲ. ಪುಸ್ತಕ ಮಾರುವ ವೆಬ್‌ಸೈಟಿನಲ್ಲಿ ಓದುಗರು ಅಕ್ಕ ಹೇಳದೆ ಹೋದದ್ದು ಏನು ಎಂದು ಹುಡುಕತೊಡಗಿದ್ದರು. ಒಬ್ಬರಿಗೆ ಒಂದು ವಾಕ್ಯ ಸಿಕ್ಕಿತು: 'ಅಂಗಡಿ ಮುಚ್ಚುವವರೆಗೂ ಕಟಿಂಗ್ ಮಾಸ್ಟರ್ ಅಲ್ಲೇ ಕೂತಿರುತ್ತಿದ್ದ.' ಕೆಳಗೆ, 'ಲೇಖಕರು ಜಾಣರು, ಇಷ್ಟರಲ್ಲೇ ಎಲ್ಲ ಹೇಳಿದ್ದಾರೆ.' ಅದಕ್ಕೆ ತಲೆದೂಗಿದವರು ಬಹಳ ಮಂದಿ.

ಹಸ್ತಪ್ರತಿಯಲ್ಲಿ ಆ ವಾಕ್ಯದ ಬೆನ್ನಿಗೇ ಇನ್ನೊಂದಿತ್ತು. ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ ಕೊಡುತ್ತಿದ್ದ ಮಾಸ್ಟರನ ಮನೆ ದೂರ, ಅಂಗಡಿ ಮುಂದೆಯೇ ನಿಲ್ಲುವ ಕೊನೆಯ ಬಸ್ಸಿಗೆ ಅವನು ಕಾಯುತ್ತಿದ್ದ. ಪುಟ ತುಂಬಿ ಒಂದು ಸಾಲು ಆಚೆ ಹೋಗುತ್ತಿದೆ ಎಂದು ಪ್ರೆಸ್ಸಿನವನು ಹೇಳಿದಾಗ, ಲೇಖಕ ಬಸ್ಸಿನ ಸಾಲನ್ನು ಕತ್ತರಿಸಿದ್ದ. ಜಾಗ ಸಾಲದಿದ್ದರೆ ಬಾಲ ಕತ್ತರಿಸುವುದು ಸುದ್ದಿಮೇಜಿನ ರೂಢಿ. ಕೈ ತಾನಾಗಿ ಹೋಗಿತ್ತು. ಮಾಸ್ಟರ್ ಈಗ ಬದುಕಿಲ್ಲ.

ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಅಪ್ಪ ಪುಸ್ತಕ ಮತ್ತೆ ಓದ್ತಿದಾರೆ. ಮಿಷನ್ನಿಗೆ ಎಣ್ಣೆ ಬಿಡೋದು ನಿಲ್ಲಿಸಿದಾರೆ."

ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ರಾತ್ರಿ ಪಾಳಿಯವರು. ಹೆಂಡತಿ ಹೋದ ಮೇಲೂ ದಿನಾ ಬೆಳಿಗ್ಗೆ ಅವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಆಮೇಲೇ ಕಾಫಿ ಕುಡಿಯುವವರು. ಲೇಖಕ ಅವರ ಮನೆಗೆ ಹೋದಾಗ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಅದರ ಮೇಲೆ ಪುಸ್ತಕ.

"ಬಾರಪ್ಪ ಪೇಪರಪ್ಪ" ಎಂದರು ಭಾವ. ಮದುವೆಯಾದಾಗಿನಿಂದ ಕರೆಯುವ ಹೆಸರೇ. ಧ್ವನಿ ಮಾತ್ರ ಬೇರೆ. "ಅವಳು ಏನು ಹೇಳದೆ ಹೋದ್ಲು?"

"ಏನೂ ಇಲ್ಲ ಭಾವ. ನೀರು ಕೇಳಿರಬೇಕು."

"ನೀರು ಕೇಳಿದ್ದಕ್ಕೆ ಪುಸ್ತಕಕ್ಕೆ ಈ ಹೆಸರಾ?"

ಅವನು ಬಸ್ಸಿನ ವಿಷಯ ಹೇಳಿದ. ಯಾಕೆ ಕತ್ತರಿಸಿದೆ ಎಂದೂ ಹೇಳಿದ. ಹೇಳುತ್ತಿದ್ದಂತೆ ಅವನಿಗೇ ಅದು ಈಗ ಕಟ್ಟಿದ ಕತೆಯಂತೆ ಕೇಳಿಸಿತು.

"ಆ ಬಸ್ಸು ನಂಗೂ ಗೊತ್ತು" ಎಂದರು ಭಾವ. "ನಾನೇ ರಿಪೇರಿ ಮಾಡ್ತಿದ್ದೆ. ಮಾಸ್ಟರ್ ಅದರಲ್ಲೇ ಹೋಗ್ತಿದ್ದ ಅಂತಾನೂ ಗೊತ್ತು. ಆದರೂ ಅದು ಎಷ್ಟು ಸಲ ಕೆಟ್ಟು ನಿಂತಿತ್ತು ಅಂತ ಲೆಕ್ಕ ಹಾಕ್ತಾ ಕೂತಿದೀನಿ ನೋಡು, ಈ ವಯಸ್ಸಲ್ಲಿ."

"ನೀವೂ ಹೀಗೆ ಅಂದ್ರೆ ಹೇಗೆ ಭಾವ? ಅಕ್ಕ ಎಂಥವಳು ಅಂತ..."

"ಗೊತ್ತಿತ್ತು. ನಿನ್ನ ಪುಸ್ತಕ ಬರೋ ತನಕ."

"ಹಳೇ ಹೆಸರೇ ಹಾಕಿಸ್ತೀನಿ. ಇವತ್ತೇ ಹೇಳ್ತೀನಿ. ಬಸ್ಸಿನ ಸಾಲೂ ಸೇರಿಸ್ತೀನಿ."

ಭಾವ ತಲೆಯಾಡಿಸಿದರು. "ಬೇಡ. ಈಗ ಬದಲಾಯಿಸಿದ್ರೆ ಏನೋ ಮುಚ್ಚಿಡ್ತಿದಾರೆ ಅಂತಾರೆ."

"ಜನ ಏನಾದ್ರೂ ಅಂದ್ಕೊಳ್ಳಲಿ ಬಿಡಿ."

"ಜನ ಅಲ್ಲ ಕಣೋ. ನಾನು ಅಂದ್ಕೋತೀನಿ."

ಆಗಲೇ ಫೋನ್ ಬಂತು. ಮನೆ ಚಿಕ್ಕದು, ಪ್ರೆಸ್ಸಿನವನ ಗಂಟಲು ದೊಡ್ಡದು. "ಸರ್, ಎರಡನೇ ಮುದ್ರಣ! ನಾನು ಹೇಳಿರಲಿಲ್ವಾ? ಒಂದು ಕೇಳ್ಬೇಕಿತ್ತು, ಒಳಗೆ ಪ್ರತಿ ಪುಟದ ನೆತ್ತಿ ಮೇಲೆ ಇನ್ನೂ ಹೊಲಿಗೆ ಅಂಗಡಿ ಅಂತಾನೇ ಇದೆ. ಅದನ್ನೂ ತೆಗೆದು ಹೊಸ ಹೆಸರು ಹಾಕ್ಲಾ?"

ಅವನು ಭಾವನ ಮುಖ ನೋಡಿದ. ಅವರು ಪುಸ್ತಕ ತೆರೆದು, ಮಾಸ್ಟರ್ ಕೂತಿದ್ದ ಪುಟದ ನೆತ್ತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಹಾಕೋಕೆ ಹೇಳು" ಎಂದರು. "ಎರಡೆರಡು ಹೆಸರಿದ್ರೆ ಯಾವುದು ನಿಜ ಅಂತ ನಂಗೆ ನಿದ್ದೆ ಬರಲ್ಲ."

"ಸರ್? ಕೇಳಿಸ್ತಿದೆಯಾ?" ಎಂದಿತು ಫೋನು.

"ಹಾಕಿ" ಎಂದ ಅವನು.