ತುಂಬಿದ ಉಡಿ

"ಉಡಿ ಬಿಚ್ಚಲೇ ರುಕ್ಮೀ! ಎಲ್ಲಾರಿಗೂ ಒಂದ ಕಾಯ್ದೆ. ನಿನಗೇನು ಕ್ವಾಡು ಬಂದಾವೇನು?"

ಗಿರಣಿಯ ದಿವಾನಜಿ ನೀಲಕಂಠಪ್ಪ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಹತ್ತಿ ಆರಿಸುವ ಹೆಂಗಸರು ಸಂಜೆ ಹೊರಬೀಳುವಾಗ ಒಬ್ಬೊಬ್ಬರಾಗಿ ಅವನ ಮುಂದೆ ಸೆರಗು ಝಾಡಿಸಿ, ಹತ್ತಿ ಕದ್ದಿಲ್ಲವೆಂದು ಉಡಿ ಬಿಚ್ಚಿ ತೋರಿಸಬೇಕು. ಮೈಮುಟ್ಟಿ ನೋಡುವ ಕೆಲಸ ಹುಲಿಗೆವ್ವನದು. ಹೋದ ವರ್ಷ ಯಂತ್ರ ಅವಳ ಬಲಗೈಯ ಎರಡು ಬೆರಳು ತಿಂದಾಗ ಗಿರಣಿಯ ಸಾವಕಾರರು ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು. ಉಳಿದ ಮೂರು ಬೆರಳಿನಿಂದ ಅವಳು ತನ್ನ ಓಣಿಯವರದೇ ಸೊಂಟ ತಡವುತ್ತಿದ್ದಳು. ಅವರೆಲ್ಲ ಇರುವ ಗೋಪನಕೊಪ್ಪದ ಬಾವಿಯ ಹತ್ತಿರ ಈಗ ಅವಳ ಕೂಡ ಯಾರೂ ಮಾತಾಡುತ್ತಿರಲಿಲ್ಲ.

ರುಕ್ಮವ್ವ ಅವಳ ಸೊಸೆ. ಏಳು ತಿಂಗಳ ಬಸುರಿ.

"ಇದು ಅವ್ವಾರು ತುಂಬಿದ ಉಡಿರಿ, ದಿವಾನಜ್ಯಾರ."

ಖರೇ ಮಾತು. ಅವತ್ತು ಮಧ್ಯಾಹ್ನ ಹೊಸ ಎಂಜಿನ್ನಿನ ಪೂಜೆ. ಮೂರು ವರ್ಷದಲ್ಲಿ ಅದು ಎರಡನೆಯದು. ಹತ್ತಿಯ ಅಂಡಿಗೆಗಳು ದಿನಾಲು ರೈಲಿನಲ್ಲಿ ಮುಂಬಯಿಗೆ ಹೋಗುತ್ತಿದ್ದವು. ಸಾವಕಾರರ ಅಂಗಳಕ್ಕೆ ಮೋಟಾರು ಬಂದಿತ್ತು. ಹೆಂಗಸರ ಬುತ್ತಿಯಲ್ಲಿ ಅದೇ ರೊಟ್ಟಿ, ಅದೇ ಖಾರ. ಪೂಜೆಗೆ ಬಂದಿದ್ದ ಮುಂಬಯಿಯ ಸಾಹೇಬರ ಎದುರಿಗೆ ಸಾವಕಾರರ ಹೆಂಡತಿ ಶಿವಬಸವ್ವ ರುಕ್ಮವ್ವನನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ಉಡಿ ತುಂಬಿದ್ದಳು. "ನೀ ನನ್ನ ತಂಗಿ ಇದ್ದಾಂಗ," ಅಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ತುಂಬಿದ ಉಡಿಯನ್ನು ಮನೆಯ ದೇವರ ಮುಂದೆ ಬಿಚ್ಚಬೇಕು. ಹಾದಿಯಲ್ಲಿ ಬಿಚ್ಚಿದರೆ ಹೊಟ್ಟೆಯ ಕೂಸಿಗೆ ಒಳಿತಲ್ಲ. ಅದನ್ನು ಕಟ್ಟಿಕೊಂಡೇ ರುಕ್ಮವ್ವ ಸಂಜೆಯತನಕ ಹತ್ತಿ ಆರಿಸಿದ್ದಳು.

"ಅಕ್ಕಿ ಬುಡಕ ಹತ್ತಿ ಇಟ್ಕೊಂಡಿದ್ರ? ಏ ಹುಲಿಗೆವ್ವಾ, ಸೊಸಿ ಅಂತ ನಾಚಿಕಿ ಬಂತೇನು? ನಿನ್ನ ಕೆಲಸಕ್ಕ ಹತ್ತು ಮಂದಿ ಕಾಯಾಕತ್ತಾರ."

"ಅತ್ತೀ, ಬ್ಯಾಡ," ರುಕ್ಮವ್ವ ಎರಡೂ ಕೈಯಿಂದ ಉಡಿ ಬಿಗಿಹಿಡಿದಳು.

ಹುಲಿಗೆವ್ವ ಅವಳ ಮುಖ ನೋಡಲಿಲ್ಲ. ಶಿವಾ ಅಂದಳು, ಗಂಟು ಎಳೆದಳು.

ಅಕ್ಕಿ ಮಣ್ಣಿಗೆ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿ ದಿವಾನಜಿಯ ಕಾಲಿನ ಜೋಡಿಗೆ ಬಡಿದು ನಿಂತಿತು. ಬೆವರಿಗೆ ಅಂಟಿದ್ದ ಒಂದೆಳೆ ಬಿಟ್ಟರೆ ಹತ್ತಿ ಇರಲಿಲ್ಲ.

"ಇವತ್ತ ಇಲ್ಲ, ನಾಳೆ ಕದೀತಾವ ಬೋಸುಡ್ಯಾರು. ಲಗೂನ ಬಳಕೊಂಡು ಹಾದಿ ಬಿಡ್ರಿ, ಮೋಟಾರು ಬರಾಕತ್ತೈತಿ."

ರುಕ್ಮವ್ವ ಬಗ್ಗಲಿಲ್ಲ. ಸಾಲಿನಲ್ಲಿದ್ದ ಮುದಕವ್ವ ಉಗುಳಿದಳು. "ಥೂ, ನಿನ್ನ ಜಲ್ಮಕ್ಕ!" ದಿವಾನಜಿಗಲ್ಲ, ಹುಲಿಗೆವ್ವನಿಗೆ.

ಮೋಟಾರು ಬಂತು. ಹುಲಿಗೆವ್ವ ಹೋಗಿ ಗೇಟಿನ ನಡುವೆ ನಿಂತಳು.

"ಸರಿಯಲೇ ಹುಚ್ಚೀ!" ದಿವಾನಜಿ ಚೀರಿದ.

ಸರಿಯಲಿಲ್ಲ. ಮೋಟಾರು ಅಕ್ಕಿಯ ಮೇಲೆ ನಿಂತಿತು. ಅವಳು ಹಿಂದಿನ ಕಿಟಕಿಗೆ ಹೋಗಿ ಕೈಮುಗಿದಳು.

"ಅವ್ವಾರ, ಉಡಿ ಬಿಚ್ಚರಿ."

ಒಳಗೆ ಕೂತಿದ್ದ ಶಿವಬಸವ್ವ ಗಾಬರಿಯಾದಳು. "ಏನಂದಿ?"

"ತಂಗಿ ಉಡಿ ನೋಡೇನ್ರಿ. ಅಕ್ಕಾರದೂ ನೋಡಬೇಕಲ್ಲರಿ. ಎಲ್ಲಾರಿಗೂ ಒಂದ ಕಾಯ್ದೆ ಅಂತ."

ನೀಲಕಂಠಪ್ಪ ಕುರ್ಚಿ ಕೆಡವಿ ಎದ್ದ. ಸಾಲಿನ ಹೆಂಗಸರು ಅವನ ಹಾದಿ ಬಿಡಲಿಲ್ಲ.

ಶಿವಬಸವ್ವನ ಕಣ್ಣು ಚಕ್ರದ ಬುಡದ ಅಕ್ಕಿಯ ಮೇಲೆ ಬಿತ್ತು. ಅವಳ ಎರಡೂ ಕೈ ತಾವಾಗಿಯೇ ಉಡಿಯನ್ನು ಬಿಗಿಹಿಡಿದವು, ರುಕ್ಮವ್ವ ಹಿಡಿದಿದ್ದ ಹಾಗೆಯೇ.

ಹುಲಿಗೆವ್ವ ಮೂರು ಬೆರಳಿನ ಕೈಯನ್ನು ಕಿಟಕಿಯೊಳಗೆ ಚಾಚಿದಳು.