ಶಶಿಕಲಾ ಮಿಸ್ ಒಪ್ಪಿಕೊಂಡ ತಪ್ಪು

ಸಿಂಚನಾ ಆ ಮನೆಯನ್ನು ಎರಡನೇ ಸಲ ದಾಟಿ ಹೋದಳು. ಗೋವಿಂದರಾಜನಗರದ ಆ ಓಣಿಯಲ್ಲಿ ಶಾಮಿಯಾನ ಹಾಕಿದ್ದು ಒಂದೇ ಮನೆ. ಗುರುತು ಸಿಗಲಿಲ್ಲವೆಂದು ಸುಳ್ಳು ಹೇಳಿಕೊಳ್ಳುವಂತಿರಲಿಲ್ಲ. ಫ್ಲೋರ್ ಮಿಲ್ ತನಕ ಹೋಗಿ ತಿರುಗಿ ಬರುವಾಗ ಸುಮಾ ಮಿಸ್ಸಿನ ಕಣ್ಣಿಗೆ ಬಿದ್ದಳು. ಅವಳು ಹಿಂದೆ ಓದಿದ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಅವರು.

"ಸಿಂಚನಾ ಅಲ್ವೇನೇ? ಯಾಕೆ ಹಾಗೇ ಹೋಗ್ತಿದೀಯ? ಬಾ ಒಳಗೆ."

ನಡುಮನೆಯಲ್ಲಿ ಚಾಪೆಯ ಮೇಲೆ ಶಶಿಕಲಾ ಮಿಸ್ಸನ್ನು ಮಲಗಿಸಿದ್ದರು. ಮುತ್ತೈದೆ ಸಾವು, ಅರಿಸಿನ, ಕುಂಕುಮ, ಹಸಿರು ಬಳೆ. ಬೆಳಗ್ಗೆ ಹಾಲು ಕಾಯಿಸಲು ಎದ್ದವರು ಅಡುಗೆಮನೆಯಲ್ಲೇ ಕುಸಿದರಂತೆ. ಗಂಡ ಸುಬ್ರಮಣಿ ಗೋಡೆಗೆ ಒರಗಿ ಕೂತಿದ್ದರು.

"ನಿನ್ನೆ ಕೂಡ ನನ್ನ ಮೊಮ್ಮಗಳಿಗೆ ಕಾಗುಣಿತ ಬರೆಸಿದ್ರು," ಎಂದು ಪಕ್ಕದ ಮನೆಯ ಚಿಕ್ಕಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಇಂಥೋರು ಒಂದು ಮಗೂಗೆ ರಕ್ತ ಬರೋ ಹಾಗೆ ಹೊಡೆದ್ರಂತೆ ಅಂದ್ರೆ ಯಾರು ನಂಬ್ತಾರೆ?"

"ಅಜ್ಜಿ, ಇವತ್ತು ಆ ಮಾತು ಬೇಡ," ಎಂದ ಸುಮಾ ಮಿಸ್, ಸಿಂಚನಾಳ ತೋಳು ಹಿಡಿದು ಪಿಸುಗುಟ್ಟಿದರು. "ನೀನು ಬಂದಿದ್ದು ದೊಡ್ಡತನ ಕಣೇ. ಮನಸ್ಸಲ್ಲಿ ಇಟ್ಕೊಳ್ದೆ ಬಂದೆಯಲ್ಲ."

ಸಿಂಚನಾಳ ಕೈ ಕಿವಿಯ ಮೇಲಿನ ಹಳೆಯ ಗಾಯದ ಗುರುತಿಗೆ ಹೋಯಿತು.

* * *

ಹನ್ನೆರಡು ವರ್ಷದ ಹಿಂದೆ ಆ ಶಾಲೆ ಮಾಗಡಿ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಬೇರೆ ಶಾಲೆಗಳು ಬೇಡವೆಂದ, ಬೇರೆ ಶಾಲೆಗಳನ್ನು ಬೇಡವೆಂದ ಇಪ್ಪತ್ತಮೂರು ಮಕ್ಕಳು. ಹದಿನಾಲ್ಕಾದರೂ ಸಿಂಚನಾಳಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕ ಕಂಡರೆ ಅವಳು ಎದ್ದು ಹೋಗುತ್ತಿದ್ದಳು. ಮಿಸ್ ಪುಸ್ತಕ ಮುಚ್ಚಿಟ್ಟು ಅವಳನ್ನು ಬಸ್ ಸ್ಟಾಪಿಗೆ ಕರೆದೊಯ್ದರು. "ಆ ಬಸ್ ಎಲ್ಲಿಗೆ ಹೋಗತ್ತೆ, ಹೇಳು ನೋಡೋಣ. ತಪ್ಪಾದ್ರೆ ಆಗ್ಲಿ, ನಾವೇನು ಹತ್ತಲ್ವಲ್ಲ." ಕೆಂಗೇರಿ, ಮಲ್ಲತ್ತಹಳ್ಳಿ, ವಿಜಯನಗರ. ಮೂರು ತಿಂಗಳಲ್ಲಿ ಅವಳಿಗೆ ಅಕ್ಷರ ಕೂಡಿ ಬಂದಿತ್ತು.

ಒಂದು ಸೋಮವಾರ ಅವಳು ಕಿವಿ ಹರಿದುಕೊಂಡು ಬಂದಳು. ಅಪ್ಪನ ಬೆಲ್ಟಿನ ಬಕಲ್ಲು ತಾಗಿತ್ತು. ಕ್ಲಿನಿಕ್ಕಿಗೆ ಕರೆದೊಯ್ದ ಮಿಸ್ಸಿಗೆ ಆಟೋದಲ್ಲೇ ಎಲ್ಲವನ್ನೂ ಹೇಳಿ, ಕಾಲು ಹಿಡಿದುಕೊಂಡಿದ್ದಳು. "ಯಾರಿಗೂ ಹೇಳ್ಬೇಡಿ ಮಿಸ್. ಗೊತ್ತಾದ್ರೆ ಅಮ್ಮನ್ನೂ ಬಿಡಲ್ಲ."

ಸಂಜೆ ಶಾಲೆ ನಡೆಸುತ್ತಿದ್ದ ಟ್ರಸ್ಟಿನ ಗಿರಿರಾಜ್ ಸಾರ್ ಅಪ್ಪನನ್ನೂ ಕರೆಸಿ, ಅವನೆದುರೇ ಕೇಳಿದರು: "ಯಾರಮ್ಮ ಹೊಡೆದಿದ್ದು?"

ಅಪ್ಪ ಅವಳನ್ನೇ ನೋಡುತ್ತಿದ್ದ.

"ಮಿಸ್ಸು," ಎಂದಳು.

ಶಶಿಕಲಾ ಮಿಸ್ ಒಮ್ಮೆ ಅಪ್ಪನ ಮುಖ ನೋಡಿದರು, ಒಮ್ಮೆ ಅವಳ ಮುಖ. "ಹೌದು ಸಾರ್. ಕೋಪದಲ್ಲಿ ಹೊಡೆದುಬಿಟ್ಟೆ. ನಾಳೆಯಿಂದ ಬರಲ್ಲ. ಆದ್ರೆ ಈ ಹುಡುಗಿ ಇಲ್ಲಿಗೆ ಬರೋಕೆ ಇನ್ನು ಹೆದರ್ತಾಳೆ. ಹಾಸ್ಟೆಲ್ ಇರೋ ಶಾಲೆಗೆ ಸೇರಿಸಿಬಿಡಿ."

ಬೇಡವೆನ್ನಲು ಅಪ್ಪನಿಗೆ ನೆಪ ಸಿಗಲಿಲ್ಲ. ಆ ವಾರವೇ ಅವಳು ಕೆಂಗೇರಿಯ ಹಾಸ್ಟೆಲ್ ಸೇರಿದಳು. ಮತ್ತೆ ಯಾರೂ ಅವಳ ಮೇಲೆ ಕೈ ಮಾಡಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಿಜ ಹೇಳಬೇಕು ಎಂದುಕೊಂಡಳು. ಆಮೇಲೆ ನರ್ಸಿಂಗ್ ಮುಗಿಯಲಿ ಎಂದುಕೊಂಡಳು. ನಾಲ್ಕು ವರ್ಷದ ಹಿಂದೆ ಅಪ್ಪನೇ ಸತ್ತ. ಆ ಭಯವೂ ಉಳಿಯಲಿಲ್ಲ. ಆದರೂ ಹೋದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ವಿಜಯನಗರದ ಮಾರ್ಕೆಟ್ಟಿನಲ್ಲಿ ಮಿಸ್ ಸೊಪ್ಪು ಆರಿಸುತ್ತಿರುವುದನ್ನು ಕಂಡಾಗ, ಬಾಳೆಕಂಬದ ರಾಶಿಯ ಹಿಂದೆ ಅಡಗಿ ನಿಂತಿದ್ದಳು.

* * *

"ಸಾರ್, ಇವಳೇ ಸಿಂಚನಾ," ಎಂದರು ಸುಮಾ ಮಿಸ್.

ಸುಬ್ರಮಣಿ ಗೋಡೆ ಹಿಡಿದು ಎದ್ದರು. ಅವಳ ಕಿವಿಯ ಮೇಲಿದ್ದ ಹೊಲಿಗೆಯ ಗುರುತನ್ನು ನೋಡಿದರು. ಆಮೇಲೆ ಎಲ್ಲರೆದುರೂ ಅವಳಿಗೆ ಕೈ ಮುಗಿದರು.

"ಅವಳ ಪರವಾಗಿ ನಾನು ಕೇಳ್ಕೋತೀನಮ್ಮ. ಕ್ಷಮಿಸಿಬಿಡು. ಇವತ್ತು ಹೋಗೋಳು, ನಿನ್ನ ಶಾಪ ಹೊತ್ಕೊಂಡು ಹೋಗೋದು ಬೇಡ."

"ಅಯ್ಯೋ, ಬೇಡಿ ಸಾರ್!" ಸಿಂಚನಾ ಅವರ ಕೈಗಳನ್ನು ಬಿಡಿಸಲು ಹೋದಳು. "ಮಿಸ್ ಹೊಡೀಲಿಲ್ಲ. ಹೊಡೆದಿದ್ದು ನಮ್ಮಪ್ಪ. ನಾನು ಸುಳ್ಳು ಹೇಳ್ದೆ ಸಾರ್. ಮಿಸ್ ಅದನ್ನ ತಮ್ಮ ಮೇಲೆ ಹಾಕ್ಕೊಂಡ್ರು, ಅಷ್ಟೇ."

ಚಿಕ್ಕಗಂಗಮ್ಮ ಮುಖ ಆಚೆ ತಿರುಗಿಸಿಕೊಂಡರು.

"ಇಷ್ಟು ವರ್ಷ ಎಲ್ಲಿದ್ದೆ ನೀನು?" ಎಂದರು ಸುಮಾ ಮಿಸ್.

"ಬಸವೇಶ್ವರನಗರದಲ್ಲೇ ಮಿಸ್. ಅಲ್ಲೇ ಆಸ್ಪತ್ರೇಲಿ ಕೆಲಸ." ಎರಡು ಬಸ್ ಸ್ಟಾಪಿನ ದೂರ.

ಸುಬ್ರಮಣಿ ನೆಲ ನೋಡುತ್ತ ಹೇಳಿದರು: "ನಾನು ಅವಳ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಬಡಿಸಿದ್ದನ್ನ ಉಂಡು ಏಳ್ತಿದ್ದೆ. ಮಕ್ಕಳಿಲ್ಲದೋಳು ನೀನು, ಅದಕ್ಕೇ ನಿನಗೆ ಹೊಡೆಯೋಕೆ ಕೈ ಬಂತು ಅಂದುಬಿಟ್ಟೆ. ಆಗಲೂ ಅವಳು ಬಾಯಿ ಬಿಡಲಿಲ್ಲ."

"ಯಾರಿಗೂ ಹೇಳ್ಬೇಡಿ ಅಂತ ನಾನೇ ಕಾಲು ಹಿಡಿದಿದ್ದೆ ಸಾರ್."

"ನಾನು ಯಾರೋ ಆಗಿದ್ನಾ?"

ಅದನ್ನು ಅವರು ಕೇಳಿದ್ದು ಸಿಂಚನಾಳನ್ನಲ್ಲ. ಅವಳು ಗೋಡೆಯ ಬದಿಗೆ ಸರಿದಳು.

ಹೊರಗೆ ವ್ಯಾನ್ ಬಂದು ನಿಂತಿತ್ತು. "ಹೊತ್ತಾಯ್ತು, ಎತ್ಬೇಕು," ಎಂದು ಯಾರೋ ಬಾಗಿಲಲ್ಲಿ ಅಂದರು. ಸುಬ್ರಮಣಿ ಚಾಪೆಯ ಪಕ್ಕ ಮಂಡಿಯೂರಿ ಕೂತರು. ಹಾರಗಳನ್ನು ಒಂದೊಂದಾಗಿ ಸರಿಸಿದರು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹೆಂಡತಿಯ ಬಲಗೈಯನ್ನು ಮೆಲ್ಲಗೆ ಹೊರತೆಗೆದು, ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಂಡರು. ಅರಿಸಿನ ಅವರ ಕೆನ್ನೆಗೆಲ್ಲ ಹತ್ತಿತು. ಎತ್ತಲು ಬಂದ ನಾಲ್ವರು ಹೊಸ್ತಿಲ ಬಳಿಯೇ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ವ್ಯಾನಿನ ಎಂಜಿನ್ನೂ ಆಫ್ ಆಯಿತು.