ಉಡದಾರದ ತೂಕ

ಕನ್ನೊಳ್ಳಿಯ ಅಂಗನವಾಡಿ ಟೀಚರ್ ದಾನೇಶ್ವರಿ ಯಾರಿಗೂ ಜಗ್ಗುವವಳಲ್ಲ. ಕಸ್ತೂರೆವ್ವನ ಮುಂದೆ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. ಕಟ್ಟದೆ ಏನಾದೀತು? ಅಂಗನವಾಡಿಯ ಮಾಳಿಗೆ ಸೋರತೊಡಗಿದಾಗ ಕರೆದು ತನ್ನ ಮನೆಯ ಪಡಸಾಲೆ ಬಿಟ್ಟುಕೊಟ್ಟ ಮುದುಕಿ ಅವಳು.

ಕಸ್ತೂರೆವ್ವನ ಹನ್ನೊಂದು ತಿಂಗಳ ಮೊಮ್ಮಗಳ ಕೈಕಾಲಿಗೆ ಬೆಳ್ಳಿ ಕಡಗ, ನಡುವಿಗೆ ಬೆಳ್ಳಿ ಉಡದಾರ. ತೂಕದ ದಿನ ಬಿಚ್ಚಿರಿ ಎಂದರೆ ಮುದುಕಿ ಕಣ್ಣು ಕೆಂಪಗೆ ಮಾಡುತ್ತಿದ್ದಳು.

"ಬರೇ ನಡದಾಗ ಕೂಸಿನ ತೂಗಿದ್ರ ದೃಷ್ಟಿ ಆಗ್ತೈತಿ. ಹಂಗ ತೂಗು."

ದಾನೇಶ್ವರಿ ಹಾಗೇ ತೂಗುತ್ತಿದ್ದಳು. ತಾಯಿ ಕಾರ್ಡಿನ ತೂಕದ ನಕ್ಷೆಯಲ್ಲಿ ಚುಕ್ಕೆ, ಕೂಸು ಸರಿಯಾಗಿದೆ ಎನ್ನುವ ಹಸಿರು ಪಟ್ಟಿಯ ಅಂಚಿಗೆ ಬೀಳುತ್ತಿತ್ತು. ಅಂಚಾದರೇನು, ಹಸಿರು ಹಸಿರೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಪುಟ ಮಗುಚುತ್ತಿದ್ದಳು.

ಈ ಸಲ ಕೂಸಿನ ತಾಯಿ ಜಯಮಾಲಾ ಮಗಳನ್ನು ಕಂಬ ಹಿಡಿಸಿ ನಿಲ್ಲಿಸಿದಳು. ಯಾರೂ ಮುಟ್ಟಿರಲಿಲ್ಲ, ಉಡದಾರ ತಾನಾಗಿ ಜಾರಿ ಕಾಲಬುಡದಲ್ಲಿ ಬಿತ್ತು.

"ಹೋದ ತಿಂಗಳ ಬಿಗಿ ಇತ್ರಿ ಅಕ್ಕೋರ," ಎಂದಳು ಜಯಮಾಲಾ, ಅತ್ತೆಯತ್ತ ಒಮ್ಮೆ ನೋಡಿ.

ಕೂಸು ಸೊರಗಿದೆ ಎಂದು ದಾನೇಶ್ವರಿಗೆ ಹೊಳೆಯಿತು. ಕೇಳದೆಯೇ ಕೂತು ನಾಲ್ಕೂ ಕಡಗ ಕಳಚಿದಳು.

"ಏ, ಏನ್ ಮಾಡಾಕತ್ತೀ?"

"ದೃಷ್ಟಿಗೆ ಕರಿದಾರ ಕಟ್ಟತೇನ್ರಿ ಯವ್ವಾ. ಇವತ್ತ ನಿಮ್ಮ ಮಾತ ಕೇಳಂಗಿಲ್ಲ."

ತೊಲೆಗೆ ಕಟ್ಟಿದ ತಕ್ಕಡಿಯ ಜೋಳಿಗೆಯಲ್ಲಿ ಕೂಸು ಆರು ಕಿಲೋ ಏಳುನೂರು ತೂಗಿತು. ಕೂಸನ್ನು ತಾಯಿಗೆ ಕೊಟ್ಟು, ಅದೇ ಜೋಳಿಗೆಗೆ ಬೆಳ್ಳಿ ಹಾಕಿದಳು. ನಾನೂರು ಗ್ರಾಂ. ಚುಕ್ಕೆ ತೂಕ ಕಡಿಮೆಯ ಹಳದಿ ಪಟ್ಟಿಗಿಳಿಯಿತು.

"ಇಷ್ಟ ದಿನ ಹಸಿರಿನ್ಯಾಗ ಇದ್ದದ್ದು ಕೂಸಲ್ರಿ, ಬೆಳ್ಳಿ," ಎಂದಳು. "ತಪ್ಪು ನಂದು. ನಿಮಗ ಅಂಜಿ ಕಾರ್ಡಿನ್ಯಾಗ ಹಂಗ ಬರದೇನಿ."

ಪಡಸಾಲೆ ಕಳೆದುಕೊಂಡೆ ಎಂದೇ ಅವಳು ಭಾವಿಸಿದಳು. ಕಸ್ತೂರೆವ್ವ ಬೈಯಲಿಲ್ಲ. ಕೂಸಿನ ಪಕ್ಕೆಲುಬಿನ ಮೇಲೆ ಬೆರಳಾಡಿಸಿದಳು, ಒಂದೊಂದನ್ನೂ ಮುಟ್ಟಿ ನೋಡುವವಳಂತೆ. ಆಮೇಲೆ ಸೊಸೆಗೆ, "ಮಧ್ಯಾಹ್ನದ ಬಸ್ಸಿಗೆ ಗಂಡನ್ನ ಕರಕೊಂಡು ಸಿಂದಗಿ ದವಾಖಾನಿಗೆ ನಡಿ. ಡಾಕ್ಟರಿಗೆ ತೋರ್ಸು," ಎಂದಳು.

ದಾನೇಶ್ವರಿ ಉಸಿರು ಬಿಡುವಷ್ಟರಲ್ಲಿ ಮುದುಕಿ ಅವಳತ್ತ ತಿರುಗಿದಳು.

"ಊರಾಗ ಉಡದಾರ ಹಾಕಿದ್ದು ನಮ್ಮ ಕೂಸು ಒಂದ ಏನು?"

ದಾನೇಶ್ವರಿ ರಿಜಿಸ್ಟರ್ ಬಿಚ್ಚಿದಳು. ಪರಸಪ್ಪನ ಮೊಮ್ಮಗ, ಸಿದ್ದಲಿಂಗನ ಮಗಳು... ಹೀಗೆ ಬೆಳ್ಳಿ ಸಮೇತ ತೂಗಿದ ಕೂಸುಗಳು ಇನ್ನೂ ಎಂಟು. ಕಸ್ತೂರೆವ್ವನ ಕೂಸಿಗಿಲ್ಲದ ನಿಯಮ ನಮಗೇಕೆ ಎಂದವರ ಕೂಸುಗಳು; ಎಲ್ಲವೂ ಹಸಿರು. ತನ್ನ ಅಕ್ಷರವೇ ತನ್ನ ಮುಖಕ್ಕೆ ಉಗುಳಿದಂತಾಯಿತು.

ಕಸ್ತೂರೆವ್ವ ಬೆಳ್ಳಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ತಕ್ಕಡಿ ಬಿಚ್ಚಕೋ. ನೀ ಹೇಳಿದ್ರ ಯಾವ ಮನ್ಯಾಗೂ ಉಡದಾರ ತಗ್ಯಾಂಗಿಲ್ಲ. ಮೊದಲ ಪರಸಪ್ಪನ ಮನಿ. ನಡಿ, ನಾ ಬರ್ತೇನಿ."